ಮೂಲೆ ಕತ್ತರಿಸಿದ ಕಾರ್ಡುಗಳು

ಐದೂವರೆಗೆ ಎದ್ದು ಕಾರಿನ ಮೇಲಿನ ಹಿಮ ಕೆರೆದದ್ದು. ಮಗಳ ಡಬ್ಬಿಗೆ ಚಿತ್ರಾನ್ನ, ಯಜಮಾನರಿಗೂ ಅದೇ. ಮಗಳ ಬಿಳಿ ಕೋಟಿಗೆ ಗುಂಡಿ ಹೊಲಿದದ್ದು. ಹೆಸರುಕಾಳು ನೆನೆಹಾಕಿದ್ದು. ಲಾಂಡ್ರಿ ಒಂದು ಲೋಡ್. ಫೋನ್ ಕಂಪನಿಗೆ ಕರೆ, ಇಪ್ಪತ್ತು ನಿಮಿಷ ಹೋಲ್ಡ್. ಆಫೀಸಿನಲ್ಲಿ ಮೂರು ಪೆಟ್ಟಿಗೆ ಬಿಚ್ಚಿದ್ದು. ಫೀಡರ್ ಹನ್ನೊಂದು ಸಲ ಜಾಮ್.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಅನ್ನುವ ವೈಟುಕೆ ಗಾಬರಿ ಮುಗಿದ ಚಳಿಗಾಲದ ಒಂದು ಸೋಮವಾರ ನನ್ನ ದಿನಚರಿ ಪುಸ್ತಕದಲ್ಲಿ ಬರೆದಿರುವುದು ಇಷ್ಟು. ಕೊನೆಯ ಸಾಲನ್ನೂ ಹೆಸರುಕಾಳಿನ ಸಾಲಿನಷ್ಟೇ ಉದಾಸೀನದಿಂದ ಬರೆದಿದ್ದೇನೆ.

ಕೆಲಸ ನ್ಯೂಯಾರ್ಕಿನ ಹತ್ತಿರದ ಸೀಕಾಕಸ್‌ನಲ್ಲಿ. ಜೊಂಡು ಬೆಳೆದ ಜೌಗಿನ ಪಕ್ಕ ಒಂದು ವೇರ್‌ಹೌಸ್, ಅದರ ಅರ್ಧದಲ್ಲಿ ಯಾರದೋ ಷೂ ಡಬ್ಬಿಗಳು, ಇನ್ನರ್ಧದಲ್ಲಿ ನಾವು. ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಇಂಡೆಕ್ಸ್ ಬರೆದು, ಸಿಡಿಗೆ ಇಳಿಸಿ ಕೊಡುವ ಕಂಪನಿ. ಎಲ್ಲರೂ ಎಲ್ಲವನ್ನೂ ಕಂಪ್ಯೂಟರಿಗೆ ತುರುಕುತ್ತಿದ್ದ ಕಾಲ ಅದು. ಇಂಡೆಕ್ಸ್ ಬರೆಯುವವಳು ನಾನು. ಮೈಸೂರಿನ ಲೈಬ್ರರಿಯಲ್ಲಿ ಕ್ಯಾಟಲಾಗ್ ಕಾರ್ಡು ಬರೆದು ಅಭ್ಯಾಸವಿದ್ದ ಕೈ.

ಆ ವರ್ಷ ನಮಗೆ ಬಂದಿದ್ದು ಒಬ್ಬ ಡಾಕ್ಟರ ಕಾಗದಪತ್ರ, ಐವತ್ತು ಚಿಲ್ಲರೆ ಪೆಟ್ಟಿಗೆ. ಎರಡನೇ ಮಹಾಯುದ್ಧದಲ್ಲಿ ಡೇರೆಯೊಳಗೆ ನಿಂತು ಸುಟ್ಟ ಗಾಯಗಳಿಗೆ ಹೊಸ ಚಿಕಿತ್ಸೆ ಕಂಡುಹಿಡಿದವರು. ಇಲ್ಲಿನ ಸ್ಕೂಲು ಮಕ್ಕಳಿಗೆಲ್ಲ ಅವರ ಹೆಸರು ಗೊತ್ತು, ಅಂಚೆ ಚೀಟಿಯ ಮೇಲೆ ಅವರ ಮುಖ ಇದೆ. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೆಲಸಕ್ಕೆ ಸೇರುವಾಗ ಗುಟ್ಟು ಕಾಯುತ್ತೇನೆ ಎಂದು ಸಹಿ ಹಾಕಿದ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ. ನಾವೆಲ್ಲ ಅವರನ್ನು ಡಾಕ್ಟರು ಅಂತಲೇ ಕರೆಯುತ್ತಿದ್ದೆವು. ಅವರ ನೂರನೇ ಹುಟ್ಟುಹಬ್ಬಕ್ಕೆ ಒಂದು ಸಮಿತಿ ಸಿಡಿ ಹೊರತರುತ್ತಿತ್ತು. ದುಡ್ಡು ಕೊಡುವವರು ಆ ಸಮಿತಿಯವರು. ಪೆಟ್ಟಿಗೆಗಳು ಮಾತ್ರ ನ್ಯೂಯಾರ್ಕಿನ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯವು. ಡಾಕ್ಟರು ಯುದ್ಧಕ್ಕೆ ಹೋಗುವ ಮುಂಚೆ ಅಲ್ಲಿ ಪಾಠ ಹೇಳುತ್ತಿದ್ದರು, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಮಿಟಿಗೆ ಅವರೇ ಮುಖ್ಯಸ್ಥರು. ನಮ್ಮ ಮನೆಯಲ್ಲೂ ಅವರದೇ ಸುದ್ದಿ. ಮಗಳ ಸ್ಕೂಲಿನಲ್ಲಿ ಮಾರ್ಚ್‌ಗೆ ದೊಡ್ಡ ಹೆಸರಿನವರ ವೇಷ ಹಾಕಿ ನಿಲ್ಲುವ ದಿನವಿತ್ತು. ಅವಳದು ಡಾಕ್ಟರ ವೇಷ, ಆ ಬಿಳಿ ಕೋಟು ಅದಕ್ಕೇ.

ಪೆಟ್ಟಿಗೆ ಬಂದರೆ ಮಾಡಬೇಕಾದ್ದಕ್ಕೆ ಕ್ರಮವಿದೆ. ಮೊದಲು ಪಿನ್ನು, ಸ್ಟೇಪಲ್ ತೆಗೆಯಬೇಕು. ಧೂಳು ಒರೆಸಬೇಕು. ಐವತ್ತೈವತ್ತರ ಕಟ್ಟು ಮಾಡಿ ಸ್ಕ್ಯಾನರಿನ ಫೀಡರಿಗೆ ಕೊಡಬೇಕು. ಯಂತ್ರ ತಿನ್ನದೆ ಉಗುಳಿದ ಕಾಗದವನ್ನು ಗಾಜಿನ ಮೇಲಿಟ್ಟು ಒಂದೊಂದಾಗಿ ತೆಗೆಯಬೇಕು. ಅಂಥವನ್ನು ಎಕ್ಸೆಪ್ಷನ್ ಷೀಟ್ ಎಂಬ ಪಟ್ಟಿಗೆ ಸೇರಿಸಿ, ಯಾಕೆ ತಿನ್ನಲಿಲ್ಲ ಅಂತ ಕಾರಣ ಬರೆಯಬೇಕು. ಪ್ರೂಫ್ ನೋಡುವವರು ಪಟ್ಟಿಯನ್ನು ಕಾಗದದ ಜೊತೆ ಹೋಲಿಸಿ ಸಹಿ ಹಾಕುತ್ತಾರೆ. ಆ ಪಟ್ಟಿಯ ಒಂದು ಪ್ರತಿ ಪೆಟ್ಟಿಗೆಯೊಳಗೇ ಕೂತು ಕಾಲೇಜಿಗೆ ವಾಪಸ್ ಹೋಗುತ್ತದೆ. ‘ಡ್ಯಾಮೇಜ್ಡ್’ ಅಂತ ನಾವು ಬರೆದ ಕಾಗದವನ್ನು ಕಾಲೇಜಿನವರು ಇಟ್ಟುಕೊಳ್ಳುವುದಿಲ್ಲ. ಜಾಗವಿಲ್ಲ. ಅದು ಕಾಗದ ಪುಡಿ ಮಾಡುವ ಲಾರಿಗೆ. ಕಾಂಟ್ರಾಕ್ಟಿನಲ್ಲೇ ಹಾಗೆ ಇತ್ತು. ಹುಳ ತಿಂದದ್ದು, ನೀರು ಕುಡಿದದ್ದು ಅಂತ ನೂರಾರು ಕಾಗದಕ್ಕೆ ನಾನೇ ಆ ಪದ ಬರೆದಿದ್ದೆ.

ಯಂತ್ರ ನೋಡಿಕೊಳ್ಳುತ್ತಿದ್ದ ಆಪರೇಟರು ಬೆಂಗಳೂರಿನವರು, ಶಿವಾಜಿನಗರದ ಕಡೆ. ಓಲ್ಡ್ ಬ್ರಿಡ್ಜ್‌ನಲ್ಲಿ ಮನೆ, ಎರಡು ಮಕ್ಕಳು, ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಕೆಂಡಲ್ ಪಾರ್ಕಿನಿಂದ ಟರ್ನ್‌ಪೈಕ್ ಹೆದ್ದಾರಿಯ ಎಕ್ಸಿಟ್ ಒಂಬತ್ತರವರೆಗೆ ಡ್ರೈವ್ ಮಾಡಿ ಅಲ್ಲಿ ಕಾರು ನಿಲ್ಲಿಸಿದರೆ ಮುಂದಕ್ಕೆ ಅವರ ಕಾರು. ನನ್ನನ್ನು ಅಕ್ಕಾ ಅನ್ನುತ್ತಿದ್ದರು. ಪ್ರೂಫ್ ನೋಡುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು, ಬ್ರಾಂಕ್ಸ್‌ನಲ್ಲಿ ಬೆಳೆದವರು, ಯೆಹೂದ್ಯರು. ಮೂವತ್ತು ವರ್ಷ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರೆ ಅಂತ ಬಂದವರು. ಆಪರೇಟರೂ ನಾನೂ ಕನ್ನಡದಲ್ಲಿ ಮಾತಾಡಿಕೊಳ್ಳುವಾಗ ಅವರು ಪ್ರೂಫ್ ಅಜ್ಜಿ. ಅರ್ಥ ಕೇಳಿ ತಿಳಿದುಕೊಂಡು, “ಗ್ರ್ಯಾಂಡ್‌ಮದರ್ ಪರವಾಗಿಲ್ಲ, ಪ್ರೂಫ್ ಅನ್ನುವುದಕ್ಕೆ ಮಾತ್ರ ನನ್ನ ತಕರಾರು, ನನ್ನ ಸಂಬಳ ನೋಡಿದರೆ ನನ್ನನ್ನು ಪುರಾವೆ ಅಂತ ಯಾರೂ ನಂಬಲ್ಲ,” ಅಂದಿದ್ದರು.

ಕಾಲೇಜಿನ ಅರ್ಜಿಗಳ ಪೆಟ್ಟಿಗೆ ಬರುತ್ತದೆ ಅಂತ ತಿಳಿದ ದಿನ ಅಜ್ಜಿ ನನ್ನ ಮೇಜಿಗೆ ಬಂದರು.

“ನನ್ನ ಅಣ್ಣ ಆ ಕಾಲೇಜಿಗೆ ಅರ್ಜಿ ಹಾಕಿದ್ದ. ಎರಡು ಸಲ. ಸಿಗಲಿಲ್ಲ. ಅವನ ಕಾರ್ಡು ಸಿಕ್ಕರೆ ನನಗೆ ಹೇಳು, ಅಕ್ಷರ ನೋಡಬೇಕು.”

“ಚೆನ್ನಾಗಿತ್ತಾ ಅಕ್ಷರ?”

“ಕೋಳಿ ಕೆದಕಿದ ಹಾಗೆ. ಡಾಕ್ಟರಾಗುವುದಕ್ಕೆ ಅವನಿಗಿದ್ದ ಅರ್ಹತೆ ಅದೊಂದೇ ಅಂತ ಅಪ್ಪ ಅನ್ನೋರು.”

ನಗುತ್ತಲೇ ಹೇಳಿದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಅಪ್ಪ ದರ್ಜಿ. ಮಗ ಸರಿಯಾಗಿ ಓದಲಿಲ್ಲ, ಅದಕ್ಕೇ ಸೀಟು ಸಿಗಲಿಲ್ಲ ಅಂತ ಅವರ ತೀರ್ಮಾನ. ಇನ್ನೂ ಓದಬೇಕಿತ್ತು, ಇನ್ನೂ ಓದಬೇಕಿತ್ತು ಅಂತ ಊಟಕ್ಕೆ ಕೂತಾಗಲೆಲ್ಲ. ಅಣ್ಣ ಔಷಧಿ ಅಂಗಡಿ ಇಟ್ಟ. ಅಂಗಡಿಯ ಗೋಡೆ ಮೇಲೆ ಡಾಕ್ಟರ ಫೋಟೋ ಹಾಕಿಕೊಂಡಿದ್ದ. ತಾನು ದಡ್ಡ ಅಂತ ನಂಬಿಕೊಂಡೇ ಸತ್ತ. ಸಿಕ್ಕರೆ ಖಂಡಿತ ಹೇಳುತ್ತೇನೆ ಅಂದೆ.

ಆ ಸೋಮವಾರ ಜಾಮ್ ಆಗಿದ್ದು ಆ ಪೆಟ್ಟಿಗೆಯೇ. ದಪ್ಪ ಕಾರ್ಡುಗಳು, ಚೆನ್ನಾಗಿಯೇ ಇದ್ದವು. ಆದರೆ ಹತ್ತು ಹೋದರೆ ಒಂದು ಸಿಕ್ಕಿಕೊಳ್ಳುತ್ತಿತ್ತು. ಆಪರೇಟರು ರೋಲರ್ ಬಿಚ್ಚಿ ಒರೆಸಿದರು, ರಬ್ಬರ್ ಬದಲಾಯಿಸಿದರು, ಕೊನೆಗೆ ಸಿಕ್ಕಿಕೊಂಡ ಕಾರ್ಡನ್ನು ಬೆಳಕಿಗೆ ಹಿಡಿದರು.

“ಅಕ್ಕಾ, ಮೆಷೀನಿಂದೇನೂ ತಪ್ಪಿಲ್ಲ. ಇದರ ಮೂಲೆ ನೋಡಿ. ಸೆನ್ಸರಿಗೆ ಅಲ್ಲಿ ಕಾಗದ ಸಿಗ್ತಾ ಇಲ್ಲ.”

ಮೇಲಿನ ಬಲಮೂಲೆ ಇರಲಿಲ್ಲ. ಹರಿದದ್ದಲ್ಲ, ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ್ದು, ಬೆರಳುಗುರಿನಷ್ಟು. ಹಾಗಿದ್ದ ಕಾರ್ಡುಗಳನ್ನೆಲ್ಲ ಕೈಯಿಂದ ಆರಿಸಿ ಬೇರೆ ಕಟ್ಟು ಮಾಡಿದೆ. ನೂರಾ ಮೂವತ್ತೇಳಾದವು. ಮಂಗಳವಾರ ಗಾಜಿನ ಮೇಲೆ ಒಂದೊಂದಾಗಿ ಇಟ್ಟು ತೆಗೆದು, ಇಂಡೆಕ್ಸಿಗೆ ಕೂತೆ.

ನನ್ನ ತಪ್ಪು ಆಗಿದ್ದು ಅಲ್ಲೇ. ಕಾರ್ಡಿನಲ್ಲಿ ಹೆಸರು, ವಿಳಾಸ, ಅಂಕಗಳ ಜೊತೆ ಇನ್ನೂ ಕೆಲವು ಪ್ರಶ್ನೆಗಳಿದ್ದವು. ಧರ್ಮ. ತಂದೆ ಹುಟ್ಟಿದ ಊರು. ತಾಯಿಯ ತವರಿನ ಹೆಸರು. ಮನೆತನದ ಹೆಸರು ಎಂದಾದರೂ ಬದಲಾಗಿದೆಯೇ. ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಮ್ಮಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗಲೇ ಜಾತಿ, ಉಪಜಾತಿ ಕೇಳುತ್ತಾರೆ. ಎಷ್ಟು ಅಚ್ಚುಕಟ್ಟಾದ ಫಾರಂ ಅಂತ ಮನಸ್ಸಿನಲ್ಲೇ ಮೆಚ್ಚಿದ್ದೂ ಉಂಟು. ಮೂಲೆ ಕತ್ತರಿಸಿದ್ದಕ್ಕೂ ನಮ್ಮ ಕಡೆಯ ಅರ್ಥವನ್ನೇ ಕೊಟ್ಟೆ. ಗುರುತು ಹಾಕಿ ಬೇರೆ ಇಟ್ಟಿದ್ದಾರೆ ಅಂದಮೇಲೆ ಇದು ಮೀಸಲಾತಿ. ಬಡವರಿಗೋ ವಲಸೆ ಬಂದವರಿಗೋ ಸೀಟು ಕಾದಿರಿಸಿದ್ದಿರಬೇಕು. ಇಂಡೆಕ್ಸಿನಲ್ಲಿ ಹೊಸ ಕಾಲಮ್ ಮಾಡಿ, ನೂರಾ ಮೂವತ್ತೇಳು ಸಲ ‘ರಿಸರ್ವ್ಡ್ ಕೆಟಗರಿ’ ಅಂತ ಟೈಪ್ ಮಾಡಿದೆ. ಬುಧವಾರ ಮಧ್ಯಾಹ್ನ ಮಾದರಿ ಇಂಡೆಕ್ಸನ್ನು ಒಪ್ಪಿಗೆಗಾಗಿ ಸಮಿತಿಗೆ ಈಮೇಲ್ ಮಾಡಿದೆ.

ಸಂಜೆ ಕಾರಿನಲ್ಲಿ ಆಪರೇಟರಿಗೆ ಹೇಳಿದೆ. “ನೋಡಿ, ಅಮೆರಿಕದಲ್ಲೂ ಆಗಿನ ಕಾಲಕ್ಕೇ ರಿಸರ್ವೇಷನ್ ಇತ್ತು. ಡಾಕ್ಟರು ದೊಡ್ಡ ಮನುಷ್ಯರೇ.”

ಅವರು ಲೇನ್ ಬದಲಾಯಿಸಿ ಕೇಳಿದರು. “ಎಷ್ಟು ಜನಕ್ಕೆ ಸಿಕ್ಕಿದೆ ಅಕ್ಕಾ ಸೀಟು?”

“ಅದು ಹಿಂದುಗಡೆ ಇರತ್ತೆ. ನಾನು ನೋಡಿಲ್ಲ.”

“ನೋಡಿ. ನಾನು ಮದುವೆಯಾದ ಹೊಸತರಲ್ಲಿ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದ್ದೆ. ಟು ಲೆಟ್ ಬೋರ್ಡು ಇರೋದು. ಹೆಸರೇನಪ್ಪಾ ಅನ್ನೋರು. ಹೇಳಿದೆ ಅಂದ್ರೆ ಮನೆ ಆಗಲೇ ಕೊಟ್ಟಾಗಿರೋದು. ಗುರುತು ಹಾಕ್ಕೊಳ್ಳೋದು ಕೊಡೋಕೇ ಇರಬೇಕು ಅಂತ ಏನಿಲ್ಲ.”

ಎಕ್ಸಿಟ್ ಒಂಬತ್ತರಲ್ಲಿ ಇಳಿದು ನನ್ನ ಕಾರಿನ ಗಾಜಿನ ಹಿಮ ಕೆರೆದೆ.

ಗುರುವಾರ ಬೆಳಿಗ್ಗೆ ಹೋದವಳೇ ಕಾರ್ಡುಗಳನ್ನು ಮಗುಚಿ ಹಾಕಿದೆ. ನೂರಾ ಮೂವತ್ತೇಳರಲ್ಲಿ ಸೀಟು ಸಿಕ್ಕಿದ್ದು ಹನ್ನೊಂದು ಮಂದಿಗೆ. ಉಳಿದವರಿಗೆಲ್ಲ ಒಂದೇ ರಬ್ಬರ್ ಸ್ಟಾಂಪು: ಅಂಕ ಸಾಲದು. ಮೂಲೆ ಇದ್ದ ಕಾರ್ಡುಗಳ ಕಟ್ಟು ತೆಗೆದೆ. ಎಪ್ಪತ್ತು, ಎಪ್ಪತ್ತೆರಡು ಅಂಕದವರು ಸೇರಿದ್ದರು. ಮೂಲೆ ಇಲ್ಲದವರಲ್ಲಿ ತೊಂಬತ್ತರ ಮೇಲಿನವರಿಗೂ ಸಾಲದು. ಧರ್ಮದ ಕಾಲಮ್ಮನ್ನು ಹೊಸದಾಗಿ ಓದುವಂತೆ ಓದಿದೆ. ಬರೆದಿದ್ದದ್ದೆಲ್ಲ ಒಂದೇ. ಎಲ್ಲರೂ ಯೆಹೂದ್ಯರು. ಆ ಕಾಲಮ್ ಖಾಲಿ ಬಿಟ್ಟವರನ್ನು ತಾಯಿಯ ತವರಿನ ಹೆಸರಿನಿಂದ ಹಿಡಿದಿದ್ದರು, ಆ ಹೆಸರಿಗೆ ಪೆನ್ಸಿಲ್‌ನಲ್ಲಿ ಅಡಿಗೆರೆ. ಯೆಹೂದ್ಯರಿಗೆ ಆದದ್ದೆಲ್ಲ ಜರ್ಮನಿಯಲ್ಲಿ ಆದದ್ದು, ಈ ದೇಶ ಅವರನ್ನು ಬಿಡಿಸಿದ ದೇಶ ಅಂತ ನಾನು ಸ್ಕೂಲಿನಲ್ಲಿ ಓದಿಕೊಂಡಿದ್ದೆ.

ಪೆಟ್ಟಿಗೆಯ ತಳದಲ್ಲಿ, ರಟ್ಟಿಗೆ ತುಕ್ಕು ಹಿಡಿದ ಪಿನ್ನಿನಿಂದ ಚುಚ್ಚಿದ ಒಂದು ಚೀಟಿ ಇತ್ತು. ಆಫೀಸಿನವರಿಗೆ ಬರೆದದ್ದು. ಹೀಬ್ರೂ ಮೂಲದವರೆಂದು ಕಾಣುವ ಅರ್ಜಿಗಳ ಮೇಲಿನ ಬಲಮೂಲೆ ಕತ್ತರಿಸಿ. ತರಗತಿಗೆ ನಾಲ್ಕು ಜನ ಮೀರದಿರಲಿ. ಉಳಿದವರಿಗೆ ಅಂಕ ಸಾಲದೆಂದು ತಿಳಿಸಿ, ಬೇರೆ ವಿವರಣೆ ಬೇಡ. ಸಹಿ ಇರಲಿಲ್ಲ, ಬೇಕೂ ಇರಲಿಲ್ಲ. ನಲವತ್ತು ಪೆಟ್ಟಿಗೆಯಷ್ಟು ಡಾಕ್ಟರ ಅಕ್ಷರ ಓದಿದವಳು ನಾನು. ಟಿ ಅಕ್ಷರದ ಅಡ್ಡಗೆರೆಯನ್ನು ಪದದ ಕೊನೆಯವರೆಗೂ ಎಳೆಯುತ್ತಿದ್ದರು. ಯುದ್ಧದ ಡೇರೆಯಿಂದ ಹೆಂಡತಿಗೆ, ಸತ್ತ ಸೈನಿಕರ ತಾಯಂದಿರಿಗೆ ಬರೆದ ಪತ್ರಗಳಲ್ಲೂ ಅದೇ ಗೆರೆ. ಆ ಪತ್ರ ಓದುವಾಗ ನಾನು ಎರಡು ಸಲ ಕಣ್ಣೊರೆಸಿಕೊಂಡಿದ್ದೆ. ಅದೂ ಸುಳ್ಳಲ್ಲ.

ಕಟ್ಟಿನಲ್ಲಿ ಅಜ್ಜಿಯ ಅಣ್ಣನ ಕಾರ್ಡೂ ಇತ್ತು, ಎರಡು ಸಲದ ಸ್ಟಾಂಪೂ ಅದರ ಹಿಂದೆಯೇ. ಕೋಳಿ ಕೆದಕಿದ ಅಕ್ಷರ. ತಂದೆಯ ಕಸುಬು ದರ್ಜಿ. ಕೆಮಿಸ್ಟ್ರಿ ತೊಂಬತ್ತಾರು. ಮೂಲೆ ಇರಲಿಲ್ಲ.

ಅಜ್ಜಿ ಹತ್ತು ಹೆಜ್ಜೆ ಆಚೆ ಕೂತು, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಬೇರೆ ಯಾವುದೋ ಪುಟ ನೋಡುತ್ತಿದ್ದರು. ನಾನು ಕಾರ್ಡನ್ನು ಕಟ್ಟಿನೊಳಗೆ ವಾಪಸ್ಸಿಟ್ಟೆ. ಅವರು ಟೀ ಮಾಡಿಕೊಳ್ಳಲು ಎದ್ದಾಗ, “ಸಿಕ್ಕಿತಾ?” ಅಂತ ಹುಬ್ಬಿನಲ್ಲೇ ಕೇಳಿದರು. “ಇನ್ನೂ ನೋಡ್ತಾ ಇದ್ದೀನಿ,” ಅಂದೆ. ಸುಳ್ಳು ಹೇಳಿದೆ.

ಶುಕ್ರವಾರ ಹತ್ತು ಗಂಟೆಗೆ ಮ್ಯಾನೇಜರ್ ಕರೆದರು. ಕೆಟ್ಟ ಮನುಷ್ಯನಲ್ಲ, ನನ್ನ ಮಗಳಿಗೆ ಫ್ಲೂ ಬಂದಾಗ ಮೂರು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದರು. ಸಮಿತಿಯಿಂದ ಫೋನ್ ಬಂದಿತ್ತಂತೆ. ರಿಸರ್ವ್ಡ್ ಕೆಟಗರಿ ಅಂದರೇನು, ಯಾರಿಗೆ ರಿಸರ್ವ್ಡ್, ಆ ಕಾರ್ಡುಗಳ ಚಿತ್ರ ಕಳಿಸಿ ಅಂದರಂತೆ. ಇವರು ಕಳಿಸಿದ್ದರು. ಅವರು ನೋಡಿದ್ದರು. ಖಾಲಿ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನು ಹೊಗಳುವುದಕ್ಕೆ ಮಾಡಿದ ಕಾಲಮ್ ಅವರನ್ನು ಎಬ್ಬಿಸಿತ್ತು. ಪೆಟ್ಟಿಗೆಯ ತಳದಲ್ಲಿ ಚೀಟಿ ಸಿಕ್ಕಿದ್ದನ್ನು ಮ್ಯಾನೇಜರಿಗೆ ನಾನೇ ಹೇಳಿದೆ.

“ಆ ನೂರಾ ಮೂವತ್ತೇಳನ್ನು ಡ್ಯಾಮೇಜ್ಡ್ ಅಂತ ಹಾಕು,” ಅಂದರು ಮ್ಯಾನೇಜರ್. “ಚಿತ್ರಗಳನ್ನು ಡಿಲೀಟ್ ಮಾಡಿಸು. ಚೀಟಿ ಇನ್ವೆಂಟರಿಯಲ್ಲಿ ಇಲ್ಲ, ಅದನ್ನೂ ಆ ಕಟ್ಟಿಗೇ ಸೇರಿಸು.”

“ಡ್ಯಾಮೇಜ್ಡ್ ಅಂದರೆ ಪುಡಿಗೆ ಹೋಗತ್ತೆ.”

“ನನಗೆ ಗೊತ್ತು.”

“ಡ್ಯಾಮೇಜ್ ಆಗಿಲ್ಲ. ಕತ್ತರಿಸಿರೋದು.”

“ಮೂಲೆ ಇಲ್ಲ ತಾನೆ? ಮೂಲೆ ಇಲ್ಲದ ಕಾರ್ಡು ಡ್ಯಾಮೇಜ್ಡ್ ಕಾರ್ಡು. ಲುಕ್, ಆ ಮನುಷ್ಯ ಸಾವಿರಾರು ಹುಡುಗರನ್ನು ಉಳಿಸಿದ. ಅದರಲ್ಲಿ ಯೆಹೂದಿ ಹುಡುಗರೂ ಇದ್ದರು. ಮಂಗಳವಾರ ಪೆಟ್ಟಿಗೆ ಸೀಲ್ ಆಗಬೇಕು. ಪ್ರೂಫಿಗೆ ಕೊಡಬೇಡ, ನಾನೇ ನೋಡ್ತೀನಿ.”

ಕೊನೆಯ ಮಾತು ಹೇಳುವಾಗ ಅವರು ಅಜ್ಜಿಯ ಮೇಜಿನ ಕಡೆ ನೋಡಲಿಲ್ಲ. ಅದರಿಂದಲೇ ಅವರಿಗೂ ಎಲ್ಲ ಅರ್ಥವಾಗಿದೆ ಅಂತ ತಿಳಿಯಿತು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿದರು, ಆಮೇಲೆ ಎತ್ತಿದರು. “ಒಂದು ಪದ ತಾನೆ? ಹಾಕು. ಸತ್ತವರ ಕಾರ್ಡು. ನಿನಗ್ಯಾಕೆ ಊರ ಉಸಾಬರಿ.”

“ಹಾಕಬಹುದು,” ಅಂದೆ.

ಶನಿವಾರ ಹುಳಿಪುಡಿ ಹುರಿದೆ, ಬಾತ್‌ರೂಮ್ ತೊಳೆದೆ. ಭಾನುವಾರ ಕ್ಯಾಲೆಂಡರಿನ ಹಿಂದೆ ಎಕ್ಸೆಪ್ಷನ್ ಷೀಟಿನ ಗೆರೆ ಎಳೆದು, ಕಾರಣ ಅನ್ನುವ ಜಾಗದಲ್ಲಿ ಡ್ಯಾಮೇಜ್ಡ್ ಅಂತ ಒಮ್ಮೆ ಬರೆದೂ ನೋಡಿದೆ. ಚೆನ್ನಾಗಿಯೇ ಕಂಡಿತು.

ನನ್ನ ತಂದೆ ಒಂದು ಸರ್ಕಾರಿ ಶಾಲೆಯಲ್ಲಿ ಗುಮಾಸ್ತರು. ನನ್ನ ಅಕ್ಷರ ದುಂಡಗಿದೆ ಅಂತ ಪ್ರತಿ ಜೂನ್‌ನಲ್ಲಿ ಹಾಜರಿ ಪುಸ್ತಕಕ್ಕೆ ಹೆಸರು ಬರೆಯಲು ಕೂರಿಸುತ್ತಿದ್ದರು. ಎಲ್ಲರ ಹೆಸರು ನೀಲಿ ಶಾಯಿ, ಹರಿಜನ ಮಕ್ಕಳದು ಕೆಂಪು. ಸ್ಕಾಲರ್‌ಷಿಪ್ ಲೆಕ್ಕ ಹಾಕಲು ಸುಲಭ ಅಂತ ಅಪ್ಪ ಹೇಳಿದ್ದರು, ಅದು ನಿಜವೂ ಹೌದು. ಆದರೆ ಆ ಪುಸ್ತಕವನ್ನು ತೆರೆದು ಹಾಜರಿ ಕೂಗುವ ಮೇಷ್ಟರು ಕೆಂಪು ಹೆಸರುಗಳನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಹೊರಗಿನ ಮಡಕೆಯಿಂದ ಅವರಿಗೆ ನೀರು ಎತ್ತಿ ಹೊಯ್ಯುತ್ತಿದ್ದ ಹುಡುಗಿಯರಲ್ಲಿ ನಾನೂ ಒಬ್ಬಳು. ಕೆಂಪು ಶಾಯಿಯಲ್ಲಿ ನಾನು ಬರೆದ ಹೆಸರುಗಳಲ್ಲಿ ಒಂದೂ ಈಗ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಕೂತು ಜ್ಞಾಪಿಸಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ.

ಸೋಮವಾರ ಕಾರಿನಲ್ಲಿ ಆಪರೇಟರು ತಾವಾಗಿಯೇ ಹೇಳಿದರು. “ಮ್ಯಾನೇಜರ್ ನನ್ನ ಹತ್ತಿರಾನೂ ಮಾತಾಡಿದ್ರು. ಚಿತ್ರ ಡಿಲೀಟ್ ಮಾಡಿಬಿಟ್ಟೆ ಅಕ್ಕಾ. ಗ್ರೀನ್ ಕಾರ್ಡಿಗೆ ಬೇಕಾದ ನನ್ನ ಲೇಬರ್ ಸರ್ಟಿಫಿಕೇಷನ್ ಈ ಕಂಪನಿ ಕೈಲಿದೆ. ಕೆಲಸ ಹೋದ್ರೆ ನಾಲ್ಕು ಜನ ವಾಪಸ್. ನನ್ನ ಸಹಿ ಮಾತ್ರ ಕೇಳಬೇಡಿ.”

“ಕೇಳಲ್ಲ.” ನನ್ನದು ಯಜಮಾನರ ಗ್ರೀನ್ ಕಾರ್ಡ್ ಅರ್ಜಿಯ ಮೇಲೆ ಸಿಕ್ಕಿದ್ದ ವರ್ಕ್ ಪರ್ಮಿಟ್. ಈ ಕಂಪನಿ ಬಿಟ್ಟರೆ ನಾನು ವಾಪಸ್ ಹೋಗಬೇಕಿರಲಿಲ್ಲ. ಧೈರ್ಯದಲ್ಲಿ ಅವರಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ.

ಆ ದಿನ ಎಕ್ಸೆಪ್ಷನ್ ಷೀಟ್ ಟೈಪ್ ಮಾಡಲು ಕೂತೆ. ಒಂದೇ ಕಾರಣ ಬರೆದು ಕೆಳಗೆಲ್ಲ ಅದೇ ಅಂತ ಚುಕ್ಕಿ ಹಾಕುವುದು ರೂಢಿ. ನಾನು ಹಾಗೆ ಮಾಡಲಿಲ್ಲ. ನೂರಾ ಮೂವತ್ತೇಳು ಸಾಲು, ಪ್ರತಿ ಸಾಲಿನಲ್ಲೂ ಕಾರ್ಡಿನ ನಂಬರ್, ಹೆಸರು, ವಿಳಾಸ, ಅಂಕ. ಕಾರಣ: ಕಾಗದ ಗಟ್ಟಿಯಾಗಿದೆ, ಮೇಲಿನ ಬಲಮೂಲೆಯನ್ನು ಕತ್ತರಿಯಿಂದ ಕತ್ತರಿಸಲಾಗಿದೆ, ಪೆಟ್ಟಿಗೆಯ ತಳದ ಚೀಟಿ ನೋಡಿ. ನೂರಾ ಮೂವತ್ತೇಳು ಸಲ ಅದನ್ನೇ ಟೈಪ್ ಮಾಡಿದೆ. ರಿಸರ್ವ್ಡ್ ಅಂತ ಅಷ್ಟೇ ಸಲ ಟೈಪ್ ಮಾಡಿದ್ದೆನಲ್ಲ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಒಂದು ಪ್ರಿಂಟೌಟ್ ಇತ್ತು. ಯಂತ್ರದ ಜಾಮ್ ಲಾಗ್. ಯಾವ ಕಾರ್ಡಿಗೆ ಫೀಡರ್ ನಿಂತಿತು, ಕಾಗದದ ಸ್ಥಿತಿ ಏನು ಅಂತ ಯಂತ್ರವೇ ಬರೆದುಕೊಳ್ಳುವ ಪಟ್ಟಿ. ಎಲ್ಲೂ ಹರಿದಿದೆ ಅಂತ ಇರಲಿಲ್ಲ. ಅದರ ಮೇಲೆ ಯಾರ ಸಹಿಯೂ ಇರಲಿಲ್ಲ. ಆಪರೇಟರು ಆಚೆ ತಿರುಗಿ ರೋಲರ್ ಒರೆಸುತ್ತಿದ್ದರು.

ಉಳಿದದ್ದು ಪ್ರೂಫ್. ಕಾಲೇಜಿನವರು ಪ್ರೂಫ್ ಸಹಿ ಇಲ್ಲದ ಷೀಟನ್ನು ಒಪ್ಪುವುದಿಲ್ಲ. ಮ್ಯಾನೇಜರ್ ತಾವೇ ನೋಡುತ್ತೇನೆ ಅಂದಿದ್ದರು, ನೋಡಿದ್ದರೆ ಆ ಷೀಟು ಅಲ್ಲೇ ಮುಗಿಯುತ್ತಿತ್ತು. ಪದ್ಧತಿ ಪ್ರಕಾರ ಅದು ಹೋಗಬೇಕಾದ್ದು ಅಜ್ಜಿಯ ಮೇಜಿಗೆ. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಇದನ್ನು ಕೈಯಾರೆ ಕೊಡಬೇಕೇ ಅಂತ ಒಂದು ಮನಸ್ಸು. ಬಚ್ಚಿಟ್ಟರೆ ಅಣ್ಣ ದಡ್ಡನಾಗಿಯೇ ಉಳಿಯುತ್ತಾನಲ್ಲ ಅಂತ ಇನ್ನೊಂದು. ಮೂರು ಗಂಟೆಗೆ ಮ್ಯಾನೇಜರ್ ಮೀಟಿಂಗಿಗೆ ಹೋದರು. ಷೀಟು, ಜಾಮ್ ಲಾಗ್, ಕಾರ್ಡುಗಳ ಕಟ್ಟು, ಚೀಟಿ, ನಾಲ್ಕನ್ನೂ ಟ್ರೇನಲ್ಲಿಟ್ಟು ಒಯ್ದೆ.

“ಇದು ನಿಮ್ಮ ಮೇಜಿಗೆ ಬರಬೇಕಾದ್ದು,” ಅಂದೆ. “ಬರಬಾರದು ಅಂತ ಹೇಳಿದ್ದಾರೆ. ಮೊದಲು ಚೀಟಿ ಓದಿ. ನಿಮ್ಮ ಅಣ್ಣನ ಕಾರ್ಡು ಎಂಬತ್ತೊಂದನೇದು. ಗುರುವಾರವೇ ಸಿಕ್ಕಿತ್ತು. ನಾನು ಹೇಳಲಿಲ್ಲ.”

ಅವರು ಚೀಟಿ ಓದಿದರು. ಎಂಬತ್ತೊಂದಕ್ಕೆ ಹಾರಲಿಲ್ಲ. ಒಂದನೇ ಸಾಲಿಗೆ ಸ್ಕೇಲ್ ಇಟ್ಟು, ಕಾರ್ಡು ನೋಡಿ, ಸಾಲು ನೋಡಿ, ಪೆನ್ಸಿಲ್ ಟಿಕ್ ಹಾಕಿ, ಎರಡನೇ ಸಾಲಿಗೆ ಇಳಿದರು. ಅರವತ್ತೇಳರಲ್ಲಿ ಒಂದು ಅಕ್ಷರ ತಿದ್ದಿದರು. ಎಂಬತ್ತೊಂದು ಬಂತು. ಸ್ಕೇಲ್ ನಿಂತಿತು. ಕಾರ್ಡಿನ ಮೂಲೆ ಇಲ್ಲದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದುಕೊಂಡರು, ಅಲ್ಲಿ ರಕ್ತ ಬರುತ್ತಿದೆಯೇನೋ ಅನ್ನುವ ಹಾಗೆ.

“ಮನೆ ನಂಬರ್ ತಪ್ಪು,” ಅಂದರು. “ಹದಿನಾಲ್ಕು ಅಂತ ಟೈಪ್ ಮಾಡಿದ್ದೀಯ. ನಲವತ್ತೊಂದು. ಅವನ ನಾಲ್ಕು ಹಾಗೇ, ಒಂದರ ಮೇಲೆ ಹತ್ತಿ ಕೂತಿರತ್ತೆ.”

ತಿದ್ದಿದರು. ಆಮೇಲೆ ಅಂಕದ ಮೇಲೆ ಪೆನ್ಸಿಲ್ ಇಟ್ಟರು. “ತೊಂಬತ್ತಾರು. ಇನ್ನೂ ಎಷ್ಟು ಓದಬೇಕಿತ್ತು ಅವನು?”

ನನ್ನನ್ನು ಕೇಳಿದ್ದಲ್ಲ. ನಾನು ಟ್ರೇ ಹಿಡಿದುಕೊಂಡೇ ನಿಂತಿದ್ದೆ. ಅವರು ಎಂಬತ್ತೆರಡಕ್ಕೆ ಇಳಿದರು. ನೂರಾ ಮೂವತ್ತೇಳೂ ಮುಗಿಯುವಾಗ ಐದು ಗಂಟೆ. ಕೊನೆಯ ಪುಟದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದರು, ಅಣ್ಣನ ಕಾರ್ಡಿನಲ್ಲಿದ್ದ ತವರಿನ ಹೆಸರನ್ನೂ ಸೇರಿಸಿ. ಅದರ ಮೇಲೆ ನನ್ನ ಸಹಿ. ಕಾರ್ಡುಗಳು ಪೆಟ್ಟಿಗೆಯೊಳಗೆ, ಅವುಗಳ ಮೇಲೆ ಷೀಟಿನ ಒಂದು ಪ್ರತಿ, ಲಾಗ್ ಅದರ ಹಿಂದೆ, ಚೀಟಿ ಎಲ್ಲಿತ್ತೋ ಅಲ್ಲೇ. ನಾನೇ ಟೇಪ್ ಹಚ್ಚಿ ಸೀಲ್ ನಂಬರ್ ಬರೆದೆ.

ಮಂಗಳವಾರ ಮ್ಯಾನೇಜರ್ ಆಫೀಸ್ ಪ್ರತಿಯನ್ನು ಕೊನೆಯ ಸಹಿಯವರೆಗೂ ಓದಿದರು. “ಸೀಲ್ ಒಡೆದರೆ ಕಾಲೇಜಿಗೆ ಕಾರಣ ಬರೆದು ಕೊಡಬೇಕು,” ಅಂದರು. “ಏನಂತ ಬರೆಯಲಿ?” ಹನ್ನೊಂದು ಗಂಟೆಯ ಲಾರಿಯಲ್ಲಿ ಪೆಟ್ಟಿಗೆ ಹೋಯಿತು. ದಾರಿಯಲ್ಲಿ ಏನಾಯಿತು, ಆ ಕಡೆ ಯಾರು ಬಿಚ್ಚಿದರು, ನನಗೆ ಗೊತ್ತಿಲ್ಲ.

ಮಾರನೇ ವಾರ ನನ್ನನ್ನು ಹಿಂದಿನ ಸಾಲಿಗೆ ಹಾಕಿದರು, ಇನ್ಷೂರೆನ್ಸ್ ಕ್ಲೇಮ್ ಫಾರಂಗಳಿಗೆ. ಅಜ್ಜಿಗೆ ವಾರಕ್ಕೆ ಒಂದೇ ದಿನ, ಶುಕ್ರವಾರದ ಕೆಲಸ. ಸಿಡಿ ಬಂತು, ಅಚ್ಚುಕಟ್ಟಾಗಿತ್ತು. ಕಾಲೇಜಿನ ವರ್ಷಗಳಿಗೆ ಎರಡು ಫೋಟೋ, ನಾಲ್ಕು ಸಾಲು. ಮಾರ್ಚ್‌ನಲ್ಲಿ ನನ್ನ ಕಾಂಟ್ರಾಕ್ಟು ಮುಂದುವರಿಸುವುದಿಲ್ಲ ಅಂತ ಕಾಗದ ಕೊಟ್ಟರು. ಕೆಲಸ ಕಡಿಮೆಯಾಗಿದೆ ಅಂತ ಕಾರಣ. ಆ ವಾರ ಹೊಸದಾಗಿ ಮೂವರನ್ನು ಸೇರಿಸಿಕೊಂಡಿದ್ದರು.

ನನ್ನ ಕೊನೆಯ ದಿನ ಶುಕ್ರವಾರ. ಅಜ್ಜಿ ಗಸಗಸೆ ಕೇಕು ತಂದಿದ್ದರು, ಪ್ರತಿ ಶುಕ್ರವಾರದಂತೆ. ಆಪರೇಟರು ಎರಡು ತುಂಡು ತಿಂದರು. ಅಜ್ಜಿ ತಿನ್ನಲಿಲ್ಲ, ಉಳಿದದ್ದನ್ನು ಫಾಯಿಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

“ಲೈಬ್ರರಿಗೆ ಹೋಗಿದ್ದೆ,” ಅಂದರು. “ಆ ಪೆಟ್ಟಿಗೆ ನೋಡಬೇಕು ಅಂತ ಅರ್ಜಿ ಬರೆದುಕೊಟ್ಟೆ. ಇನ್ನೂ ಓದುಗರಿಗೆ ತೆರೆದಿಲ್ಲ ಅಂದರು.”

“ಹಾಗಾದರೆ ಇದೆ. ಪುಡಿಯಾಗಿಲ್ಲ.”

“ಇದೆ. ಅದಕ್ಕೆ ನಿನ್ನೆ ಮತ್ತೆ ಹೋದೆ. ಮತ್ತೆ ಅದನ್ನೇ ಹೇಳಿದರು. ಕಾರಣ ಬೇಕು ಅಂದೆ. ಬೇರೆ ವಿವರಣೆ ಇಲ್ಲ ಅಂದರು.” ಕನ್ನಡಕ ಒರೆಸಿಕೊಂಡರು. “ಎರಡು ಸಲ ಆಯಿತು. ಅಣ್ಣನಿಗೂ ನನಗೂ ಈಗ ಸರಿಸಮ. ಮೂರನೇದು ಅವನು ಹಾಕಲಿಲ್ಲ. ನಾನು ಸೋಮವಾರ ಹಾಕ್ತೀನಿ.”

ಮನೆ ತಲುಪಿದಾಗ ಮಗಳು ಬಿಳಿ ಕೋಟು ತೊಟ್ಟುಕೊಂಡು ಕನ್ನಡಿ ಮುಂದೆ ಭಾಷಣ ಹೇಳುತ್ತಿದ್ದಳು. ಸ್ಕೂಲಿನ ದಿನ ಸೋಮವಾರವೇ. ಅವಳನ್ನು ಕೂರಿಸಿಕೊಂಡು ಹೇಳಿದೆ, ಕಾರ್ಡಿನ ವಿಷಯ, ಮೂಲೆಯ ವಿಷಯ, ಗಾಯ ವಾಸಿ ಮಾಡಿದ್ದೂ ನಿಜ ಅನ್ನುವುದನ್ನೂ ಸೇರಿಸಿ. ಯಾರಿಗೂ ಹೇಳುವುದಿಲ್ಲ ಅಂತ ಸಹಿ ಹಾಕಿದವಳು ಯಜಮಾನರನ್ನು ಬಿಟ್ಟರೆ ಮೊದಲು ಹೇಳಿದ್ದು ಹನ್ನೊಂದು ವರ್ಷದ ಮಗುವಿಗೆ. ಅವಳು ಗುಂಡಿ ತಿರುವುತ್ತಾ ಕೇಳಿಸಿಕೊಂಡಳು.

“ಬಟ್ ಇಟ್ಸ್ ನಾಟ್ ಇನ್ ದ ಬುಕ್, ಅಮ್ಮಾ,” ಅಂದಳು. “ಮಿಸ್ ವಿಲ್ ಆಸ್ಕ್ ಮಿ ವೇರ್ ಐ ಗಾಟ್ ಇಟ್.”

“ಕೇಳ್ತಾರೆ,” ಅಂದೆ. ಅವಳು ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. ತೊಡುತ್ತಾಳೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಿನಚರಿಯಲ್ಲಿ ಆ ದಿನದ ಪುಟದ ಕೊನೆ ಹೀಗಿದೆ. ಅನ್ನ, ಟೊಮೇಟೊ ಸಾರು, ಬೀನ್ಸ್ ಪಲ್ಯ. ಗಸಗಸೆ ಕೇಕು, ಯಜಮಾನರು ಎರಡು ತುಂಡು, ಮಗಳು ಒಂದು, ನಾನು ಅಂಚು. ಮೊದಲು ಮಲಗಿದ್ದು ಯಜಮಾನರು. ಆಮೇಲೆ ಮಗಳು, ದೀಪ ಆರಿಸದೆ. ನಾನು ಯಾವಾಗ ಅಂತ ಬರೆದಿಲ್ಲ.